ಹಲಸಿನ ಹಲಗೆ, ಒಂದು ಕಿಲೋಮೀಟರ್ ತಂತಿ

ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಸಾಮಾನಿನ ರಿಜಿಸ್ಟರ್ ಒಂದಿತ್ತು. ಅದರಲ್ಲಿ ಎಲ್ಲೋ ಒಂದು ಪುಟದಲ್ಲಿ ಹೀಗೊಂದು ಸಾಲು ಇದೆ: ‘ಬಿಎಫ್‌ಡಬ್ಲ್ಯೂ 10, ಒಂದು, ಗಿಟಾರಿಗೆ.’ ನಮ್ಮ ಸರ್ ಅದನ್ನು ತಮ್ಮ ಕೈಯಾರೆ ಬರೆದು, ಕೆಳಗೆ ಸಹಿ ಹಾಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕಾಲೇಜಿನ ನೆನಪು ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ಆ ಸಾಲು.

ನಾನಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮೂರು ತೀರ್ಥಹಳ್ಳಿ ಕಡೆ. ಓದಿಗಾಗಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅತ್ತೆ ಮನೆಯಲ್ಲಿದ್ದೆ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರನ್ನು ನೋಡಲು ನಾನೂ ನನ್ನ ಗೆಳೆಯನೂ ಬೀದಿ ಬೀದಿ ತಿರುಗುತ್ತಿದ್ದೆವು. ಹಾಡುವವರ ಕಡೆ ನಮ್ಮ ಗಮನವೇ ಇರುತ್ತಿರಲಿಲ್ಲ. ಗಿಟಾರಿನಿಂದ ಹೊರಟ ವೈರು ಎಲ್ಲಿಗೆ ಹೋಗುತ್ತದೆ, ಆ ಕಪ್ಪು ಪೆಟ್ಟಿಗೆಯೊಳಗೆ ಏನಿದೆ, ಇದೇ ನಮ್ಮ ಮಾತು. ಗಿಟಾರ್ ಕೊಳ್ಳುವ ಶಕ್ತಿ ಇರಲಿಲ್ಲ, ಪೆಟ್ಟಿಗೆಯ ಮಾತಂತೂ ದೂರ. ಸಂಜೆ ಕರೆಂಟ್ ಹೋಗುವುದು ಬೇರೆ ಮಾಮೂಲು. ಹಾಗಾಗಿ ನಾವೇ ಮಾಡೋಣ, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡನ್ನೂ ಗಿಟಾರಿನ ಹೊಟ್ಟೆಯೊಳಗೇ ಇಡೋಣ, ಸೆಲ್ ಹಾಕಿ ನಡೆಸೋಣ ಅಂತ ತೀರ್ಮಾನಿಸಿದೆವು.

ಮರ ಊರಿನಿಂದ ಬಂತು. ಹಿಂದಿನ ಮಳೆಗಾಲದಲ್ಲಿ ಬಿದ್ದ ಹಲಸಿನ ಮರವನ್ನು ಕೊಯ್ಸಿ, ಹಲಗೆಗಳನ್ನು ಅಪ್ಪ ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದರು. ಒಲೆಯ ಹೊಗೆಯಲ್ಲಿ ಒಂದು ವರ್ಷ ಒಣಗಿದ ಹಲಗೆ. ವೀಣೆ ಮಾಡುವುದೂ ಹಲಸಿನಲ್ಲೇ ಅಲ್ವಾ? ಗಿಟಾರಿಗೂ ಆದೀತು ಅಂತ ಅತ್ತೆ ಹೇಳಿದರು. ಅವರು ವೀಣೆ ನುಡಿಸುತ್ತಿದ್ದರು. ಗಿಟಾರಿನ ಕುತ್ತಿಗೆಗೆ ಸಾಗುವಾನಿ, ಬೆರಳು ಒತ್ತುವ ಪಟ್ಟಿಗೆ ಹಳೇ ಮಂಚದ ಬೀಟೆ. ಆಚಾರ್ರಿಗೆ ನಾವು ಚಿತ್ರ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಈ ತಂತಿಗಳು ಎಷ್ಟು ಭಾರ ಎಳೀತಾವೆ?” ನಮಗೆ ಗೊತ್ತಿರಲಿಲ್ಲ. ಲೆಕ್ಕ ಹಾಕಿದರೆ ಆರೂ ತಂತಿ ಸೇರಿ ಸುಮಾರು 45 ಕೆ.ಜಿ. ಒಬ್ಬ ಹುಡುಗ ಸದಾ ಜೋತುಬಿದ್ದ ಹಾಗೆ. ಅವರು ಕತ್ತಿನ ಉದ್ದಕ್ಕೂ ಕಾಲುವೆ ತೋಡಿ, ಚೌಕದ ಕಬ್ಬಿಣದ ಸರಳು ಕೂರಿಸಿ, ಮೇಲೆ ಬೀಟೆ ಪಟ್ಟಿ ಅಂಟಿಸಿದರು. ಇಷ್ಟು ಮಳೆಗಾಲ ಕಳೆದರೂ ಆ ಕತ್ತು ಬಾಗಿಲ್ಲ.

ಫ್ರೆಟ್‌ಗಳ, ಅಂದರೆ ಬೆರಳು ಒತ್ತುವ ಪಟ್ಟಿಗೆ ಅಡ್ಡಲಾಗಿ ಕೂರಿಸುವ ಲೋಹದ ಗೆರೆಗಳ, ಲೆಕ್ಕ ನಾನು ಮಾಡಿದೆ. ಇದು ನನಗೆ ತುಂಬಾ ಇಷ್ಟವಾದ ಕೆಲಸ. ಒಂದು ಸ್ವರಸ್ಥಾನದಿಂದ ಅದರ ದುಪ್ಪಟ್ಟು ಕಂಪನದ ಸ್ವರದವರೆಗೆ 12 ಸಮ ಮೆಟ್ಟಿಲು ಬೇಕು. ಅಂದರೆ ಪ್ರತಿ ಮೆಟ್ಟಿಲಿಗೂ ಕಂಪನ 2ರ ಹನ್ನೆರಡನೇ ಮೂಲದಷ್ಟು ಪಟ್ಟು ಆಗಬೇಕು. ಪಿಯುಸಿಯಲ್ಲಿ ಬಳಸಿದ ಲಾಗ್ ಪುಸ್ತಕ, ಕ್ಲಾರ್ಕ್ಸ್ ಟೇಬಲ್ ತೆಗೆದೆ. 2ರ ಲಾಗ್ 0.3010. ಅದನ್ನು 12ರಿಂದ ಭಾಗಿಸಿದರೆ 0.0251. ಆಂಟಿಲಾಗ್ ನೋಡಿದರೆ 1.059 ಮತ್ತು ಸ್ವಲ್ಪ. ಪರೀಕ್ಷೆಗೆ ಅಂತ ಉರುಹೊಡೆದಿದ್ದ ಪುಸ್ತಕದಿಂದ ಸಂಗೀತದ ಮನೆಗಳು ಒಂದೊಂದಾಗಿ ಹೊರಗೆ ಬಂದವು. ತಂತಿಯ ಉದ್ದ 648 ಮಿ.ಮೀ. ಅಂತ ಇಟ್ಟುಕೊಂಡರೆ ಮೊದಲ ಫ್ರೆಟ್ 36.4 ಮಿ.ಮೀ. ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 324ಕ್ಕೆ. ಮೊದಲ ಸಲ ನಾನು ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದೆ. ಕೂದಲೆಳೆಯಷ್ಟು ತಪ್ಪು ಸೇರಿ ಸೇರಿ ಹನ್ನೆರಡನೆಯದಕ್ಕೆ ಬರುವಾಗ ಎರಡು ಮಿ.ಮೀ. ಆಗಿತ್ತು. ಎಲ್ಲವನ್ನೂ ಅಳಿಸಿ, ಪ್ರತಿ ಗೆರೆಯನ್ನೂ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದಲೇ, ಅಂದರೆ ನಟ್‌ನಿಂದಲೇ, ಅಳೆದು ಎಳೆದೆ. ಅತ್ತೆ ನೋಡುತ್ತಾ ಕೂತಿದ್ದರು. “ನಮ್ಮ ವೀಣೆಯಲ್ಲಿ 24 ಮೆಟ್ಟಿಲು. ಎಲ್ಲವೂ ಮೇಣದ ಮೇಲೆ ನಿಂತಿರ್ತಾವೆ. ಕೂರಿಸುವವನು ಕಿವಿಯಲ್ಲೇ ಅಳೀತಾನೆ ಕಣೋ” ಅಂದರು. ಆ ಮೇಣದ ಮಾತು ಆಮೇಲೆ ನಮ್ಮ ಕೈ ಹಿಡಿಯಿತು.

ಇನ್ನು ಪಿಕಪ್. ತಂತಿಯ ಕೆಳಗೆ ಇರುವ ಈ ಚಿಕ್ಕ ಸುರುಳಿಯೇ ಎಲೆಕ್ಟ್ರಿಕ್ ಗಿಟಾರಿನ ಜೀವ. ಆಯಸ್ಕಾಂತ ಉಕ್ಕಿನ ತಂತಿಯನ್ನೂ ಸ್ವಲ್ಪ ಆಯಸ್ಕಾಂತ ಮಾಡುತ್ತದೆ. ತಂತಿ ಅಲುಗಿದರೆ ಸುರುಳಿಯ ಮೂಲಕ ಹಾಯುವ ಆಯಸ್ಕಾಂತ ಬಲ ಹೆಚ್ಚು ಕಡಿಮೆ ಆಗುತ್ತದೆ, ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಇದೇ ತತ್ವದ ಮೇಲೆ ಅಮೆರಿಕದ ಜಾರ್ಜ್ ಬೋಷಾಂಪ್ ಮಾಡಿದ ಗಿಟಾರಿನ ಮೈ ಮರದ್ದೇ ಅಲ್ಲ, ಅಲ್ಯೂಮಿನಿಯಂನದು. ನೋಡಲು ಬಾಣಲೆಯ ಹಾಗಿದ್ದದ್ದಕ್ಕೆ ಜನ ಅದನ್ನು ಹಾಗೇ ಕರೆದರು. ಅದಕ್ಕೆ 1937ರಲ್ಲಿ ಪೇಟೆಂಟ್ ಸಿಕ್ಕಿತು.

ನಮ್ಮ ಪಿಕಪ್ಪಿಗೆ ಸನ್‌ಮೈಕಾದ ಎರಡು ಚೂರು, ಆರು ಕಬ್ಬಿಣದ ಮೊಳೆ, ಕೆಳಗೆ ಬೀರು ಬಾಗಿಲು ಹಿಡಿಯುವ ಆಯಸ್ಕಾಂತಗಳು. ಸುತ್ತುವ ತಂತಿ ಮಾತ್ರ ಶಿವಮೊಗ್ಗದಲ್ಲಿ ಸಿಗಲಿಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯವರ ಹತ್ತಿರ ಅಷ್ಟು ಸಣ್ಣದು ಇರಲಿಲ್ಲ. ಗೆಳೆಯ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆ ಪೂರ್ತಿ ಅಲೆದು, 46 ಗೇಜಿನ ಒಂದು ರೀಲು ತಂದ. ಕೂದಲಿಗಿಂತ ತೆಳು, 0.061 ಮಿ.ಮೀ. ಹಾಗೇ ಗಿಟಾರಿನ ತಂತಿ, ಕೀಲಿ, ಫ್ರೆಟ್ ತಂತಿಯನ್ನೂ ತಂದ.

ಸುತ್ತಿದ್ದು ಆಚಾರ್ರ ಕೈ ಡ್ರಿಲ್ಲಿನಲ್ಲಿ. ಹಿಡಿ ಒಂದು ಸುತ್ತು ತಿರುಗಿಸಿದರೆ ತುದಿ ನಾಲ್ಕು ಸುತ್ತು ತಿರುಗುತ್ತಿತ್ತು. ನಾನು ತಿರುಗಿಸುವುದು, ಗೆಳೆಯ ತಂತಿಯನ್ನು ಬೆರಳ ನಡುವೆ ಹಿಡಿದು ಅತ್ತ ಇತ್ತ ಸರಿಸುವುದು. ನೂರು ಸಲ ತಿರುಗಿಸಿದ್ದಕ್ಕೆ ಅತ್ತೆ ಒಂದು ಹುಣಸೆ ಬೀಜ ತಟ್ಟೆಗೆ ಹಾಕುತ್ತಿದ್ದರು. ಎರಡು ಸಲ ತಂತಿ ತುಂಡಾಯಿತು. ಒಮ್ಮೆ ಎಂಟನೇ ಬೀಜಕ್ಕೆ, ಒಮ್ಮೆ ಹದಿನಾಲ್ಕಕ್ಕೆ. ಮೂರನೇ ಸಲ ತಟ್ಟೆಯಲ್ಲಿ ಹದಿನೆಂಟು ಬೀಜ ಬಿದ್ದವು. ಅಂದರೆ 7200 ಸುತ್ತು. ಮಲ್ಟಿಮೀಟರ್ ಇಟ್ಟರೆ 6 ಕಿಲೋ ಓಮ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಸುತ್ತಿಗೆ ಎಷ್ಟು ಉದ್ದ ಅಂತ ಗುಣಿಸಿ ನೋಡಿದೆವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಆ ವಸ್ತುವಿನೊಳಗೆ ಒಂದು ಕಿಲೋಮೀಟರ್ ತಂತಿ ಇತ್ತು.

ಆಂಪ್ಲಿಫೈಯರಿಗೆ ಎಲ್‌ಎಂ386. ಎಂಟು ಕಾಲಿನ ಒಂದೇ ಐಸಿ, ಅಂದರೆ ಚಿಪ್. ಸುಮ್ನೆ ಜೋಡಿಸಿದರೆ ಸದ್ದನ್ನು 20 ಪಟ್ಟು ಹೆಚ್ಚಿಸುತ್ತದೆ. ಒಂದನೇ ಮತ್ತು ಎಂಟನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ನಾವು ನೇರ 200ಕ್ಕೇ ಹೋದೆವು. ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಮೂರು ಇಂಚಿನ ಸ್ಪೀಕರ್, 9 ವೋಲ್ಟಿಗೆ ಆರು ಪೆನ್ ಟಾರ್ಚ್ ಸೆಲ್. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಸ್ವಿಚ್ ಹಾಕಿದೆವು. ಕಿವಿ ಕಿತ್ತುಹೋಗುವ ಕೂಗು. ತಂತಿ ಮುಟ್ಟುವ ಮೊದಲೇ.

ಪಕ್ಕದ ಕೋಣೆಯಲ್ಲಿದ್ದ ಸರ್ ಓಡಿ ಬಂದರು. ಬೈಯುತ್ತಾರೆ ಅಂದುಕೊಂಡೆವು. ಅವರು ಸ್ಟೂಲ್ ಎಳೆದುಕೊಂಡು ಕೂತು, “ಇನ್ನೊಂದ್ಸಲ ಹಾಕು” ಅಂದರು. ಮತ್ತೆ ಕೂಗು. ನಾನು ಸೋಲ್ಡರಿಂಗ್ ಐರನ್‌ಗೆ ಕೈ ಹಾಕಿದೆ. ಅವರು ಕೈ ತಡೆದರು. “ಮೊದಲು ಸದ್ದು ಎಲ್ಲಿಂದ ಬರ್ತಿದೆ ಹುಡುಕು. ಐರನ್ ಆಮೇಲೆ.”

ಅವರು ಮಾಡಿಸಿದ್ದು ಮೂರು ಪರೀಕ್ಷೆ. ಆರೂ ತಂತಿಗಳ ಮೇಲೆ ಅಂಗೈ ಇಡಿಸಿದರು. ಕೂಗು ಸ್ವಲ್ಪ ಬದಲಾಯಿತು, ನಿಲ್ಲಲಿಲ್ಲ. ಹಾಗಾದರೆ ತಂತಿಯೊಂದೇ ಕಾರಣ ಅಲ್ಲ. ಆಮೇಲೆ ವಾಲ್ಯೂಮ್ ತಗ್ಗಿಸಿ, ಪಿಕಪ್ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿಸಿದರು. ಸ್ಪೀಕರಿನಲ್ಲಿ ಟಕ್ ಟಕ್ ಅಂತ ಕೇಳಿತು. “ನಿನ್ನ ಸುರುಳಿ ಸಡಿಲ ಇದೆ. ಒಳಗಿನ ಎಳೆಗಳೇ ನಡುಗ್ತಿವೆ. ಅದು ಪಿಕಪ್ ಅಲ್ಲ ಈಗ, ಮೈಕ್” ಅಂದರು. ಕೊನೆಗೆ ಸ್ಪೀಕರ್ ಬಿಚ್ಚಿಸಿ, ವೈರು ಉದ್ದ ಮಾಡಿ, ದೂರ ಹಿಡಿಯಲು ಹೇಳಿದರು. ಒಂದು ಮೊಳ ದೂರ ಹೋಗುತ್ತಿದ್ದಂತೆ ಕೂಗು ಇಳಿಯಿತು. ಸ್ಪೀಕರ್ ಮರವನ್ನು ನಡುಗಿಸುತ್ತದೆ, ಮರ ತಂತಿಯನ್ನೂ ಸುರುಳಿಯನ್ನೂ ನಡುಗಿಸುತ್ತದೆ, ಅದು ಮತ್ತೆ ಸ್ಪೀಕರಿಗೇ ಬರುತ್ತದೆ. ಸಾಲದ್ದಕ್ಕೆ ಸ್ಪೀಕರ್ ಸುರುಳಿಯ ಆಯಸ್ಕಾಂತ ಬಲವನ್ನೂ ಪಿಕಪ್ ಹಿಡಿಯುತ್ತದೆ. ಎರಡನ್ನೂ ಒಂದೇ ಮೈಯಲ್ಲಿ ಇಟ್ಟವರಿಗೆ ಈ ಜಗಳ ತಪ್ಪಿದ್ದಲ್ಲ. ಅಮೆರಿಕದ ಸಿಯರ್ಸ್ ಕಂಪನಿ 1960ರ ದಶಕದಲ್ಲಿ ಗಿಟಾರ್ ಇಡುವ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಕೂರಿಸಿ ಮಾರುತ್ತಿತ್ತು ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಅಲ್ಲಿ ಕನಿಷ್ಠ ಎರಡೂ ಬೇರೆ ಬೇರೆ ಇದ್ದವು.

ಸುರುಳಿಗೆ ಮೇಣ ಕುಡಿಸಬೇಕು ಅಂತ ಸರ್ ಹೇಳಿದಾಗ ನನಗೆ ವೀಣೆ ನೆನಪಾಯಿತು. ಊರಿನ ಜೇನು ಪೆಟ್ಟಿಗೆಯ ಮೇಣ ಒಂದು ಪಾಲು, ಮೇಣದಬತ್ತಿ ನಾಲ್ಕು ಪಾಲು. ನೇರ ಉರಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ, ಅದಕ್ಕೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿದೆವು. ಕೆಮಿಸ್ಟ್ರಿ ಲ್ಯಾಬಿನ ಥರ್ಮಾಮೀಟರ್ 65 ಡಿಗ್ರಿ ತೋರಿಸುವಾಗ ಪಿಕಪ್ ಮುಳುಗಿಸಿದೆವು. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಎಳೆಗಳ ನಡುವಿನ ಗಾಳಿ ಹೊರಗೆ ಬರುತ್ತಿತ್ತು. ಗುಳ್ಳೆ ನಿಲ್ಲುವವರೆಗೆ ಸರ್ ಮನೆಗೆ ಹೋಗಲಿಲ್ಲ. ಲ್ಯಾಬ್ ತುಂಬಾ ಜೇನಿನ ವಾಸನೆ. ಅಟೆಂಡರ್ ಅಣ್ಣ ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಸ್ಪೀಕರನ್ನು ಪಿಕಪ್ಪಿನಿಂದ ಆದಷ್ಟು ದೂರಕ್ಕೆ, ಮೈಯ ಹಿಂದಿನ ಮೂಲೆಗೆ ಸರಿಸಿದೆವು. ಸೈಕಲ್ ಟ್ಯೂಬ್ ಕತ್ತರಿಸಿ ಸ್ಕ್ರೂಗಳ ಕೆಳಗೆ ವಾಷರ್ ಇಟ್ಟೆವು. ಸ್ಪೀಕರಿನ ಎರಡು ವೈರು ಅದಲು ಬದಲು ಮಾಡಿದರೆ ಕೂಗು ಬೇರೆ ಸ್ವರಕ್ಕೆ ಹೋಗುತ್ತಿತ್ತು. ಯಾವ ಕಡೆ ಕಡಿಮೆಯೋ ಆ ಕಡೆ ಬಿಟ್ಟೆವು. 10 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಸಾಲಾಗಿ ಒಂದು ರೆಸಿಸ್ಟರ್ ಹಾಕಿ 200 ಪಟ್ಟನ್ನು 50ಕ್ಕೆ ಇಳಿಸಿದೆವು.

ಕೂಗು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಮೆಲ್ಲಗೆ ಯಾರೋ ಮಾತಾಡುತ್ತಿದ್ದಾರೆ. ಕಿವಿ ಹತ್ತಿರ ಇಟ್ಟರೆ ಆಕಾಶವಾಣಿ ಭದ್ರಾವತಿ! ವಾರ್ತೆ ಓದುತ್ತಿದ್ದರು. ಆ ಕ್ಷಣ ನಮಗಾದ ಸಂತೋಷವನ್ನು ಹೇಗೆ ಹೇಳಲಿ. ನಾವು ರೇಡಿಯೋ ಮಾಡಿರಲಿಲ್ಲ, ಅದು ತಾನಾಗಿಯೇ ಆಗಿತ್ತು. ಉದ್ದ ವೈರು ಏರಿಯಲ್ ಆಗಿ ಹತ್ತಿರದ ಸ್ಟೇಷನ್ನಿನ ಅಲೆ ಹಿಡಿದಿತ್ತು, ಐಸಿ ಅದರಿಂದ ಮಾತನ್ನು ಬೇರ್ಪಡಿಸಿತ್ತು. ಸರ್ ವಾರ್ತೆ ಮುಗಿಯುವವರೆಗೂ ಕೇಳಿ, “ಈಗ ಇದನ್ನು ಮುಚ್ಚೋದು ಹೇಗೆ ಹೇಳು” ಅಂದರು. ಹೊಟ್ಟೆಯ ಒಳಗೋಡೆಗೆಲ್ಲ ಅಲ್ಯೂಮಿನಿಯಂ ಹಾಳೆ ಅಂಟಿಸಿ ಗ್ರೌಂಡಿಗೆ ಸೇರಿಸಿದೆವು. ಅಲ್ಯೂಮಿನಿಯಂಗೆ ಬೆಸುಗೆ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ ಒತ್ತಬೇಕು. ವೈರು ಗಿಡ್ಡ ಮಾಡಿದೆವು. ಭದ್ರಾವತಿ ಮರೆಯಾಯಿತು. ಕೊಠಡಿಯ ಟ್ಯೂಬ್‌ಲೈಟಿನ ಗುಂಯ್ ಸದ್ದು ಸ್ವಲ್ಪ ಉಳಿಯಿತು, ಅದು ಈಗಲೂ ಇದೆ.

ಇಷ್ಟಾದರೂ ಸ್ವರ ಮಂಕು. ಕಂಬಳಿ ಹೊದ್ದು ಮಾತಾಡಿದ ಹಾಗೆ. ಇದಕ್ಕೆ ಸರ್ ಎರಡು ದಿನ ತೆಗೆದುಕೊಂಡರು. ಮೂರನೇ ದಿನ ನನ್ನ ರೆಕಾರ್ಡ್ ಪುಸ್ತಕದ ಕೊನೇ ಪುಟದಲ್ಲಿ ‘50 ಕಿಲೋ ಓಮ್’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು. ಐಸಿಯ ಇನ್‌ಪುಟ್ ತಡೆ ಅಷ್ಟೇ. ಅಷ್ಟು ಸುತ್ತಿನ ಸುರುಳಿಗೆ ಅದು ಭಾರ, ಮೇಲಿನ ಸ್ವರಗಳು ಅಲ್ಲೇ ಸೋರಿಹೋಗುತ್ತಿದ್ದವು. ನಡುವೆ ಒಂದು ಫೆಟ್ ಬೇಕು, ಅಂದರೆ ಸುರುಳಿಯಿಂದ ಕರೆಂಟನ್ನೇ ಎಳೆಯದಂಥ ಒಂದು ಬಗೆಯ ಟ್ರಾನ್ಸಿಸ್ಟರ್. ಬಿಎಫ್‌ಡಬ್ಲ್ಯೂ 10, ನಾಲ್ಕು ಕಾಲಿನ ಚಿಕ್ಕ ಲೋಹದ ಟೋಪಿ. ನಾವು ಪ್ರಾಕ್ಟಿಕಲ್ಸ್‌ನಲ್ಲಿ ಗ್ರಾಫ್ ಎಳೆಯಲು ಮಾತ್ರ ಬಳಸಿದ್ದು. ಅದರ ಗೇಟಿಗೆ, ಅಂದರೆ ಸದ್ದು ಒಳಬರುವ ಕಾಲಿಗೆ, 1 ಮೆಗಾ ಓಮ್ ರೆಸಿಸ್ಟರ್ ಇಟ್ಟರೆ ಪಿಕಪ್ಪಿಗೆ ಭಾರವೇ ಗೊತ್ತಾಗುವುದಿಲ್ಲ. ಲ್ಯಾಬಿನ ಸಾಮಾನು ಹೊರಗೆ ಕೊಡುವ ಹಾಗಿರಲಿಲ್ಲ. ಸರ್ ರಿಜಿಸ್ಟರ್ ತೆಗೆದು ಆ ಸಾಲು ಬರೆದರು. ಆಮೇಲೆ ಜೇಬಿನಿಂದ ಅದರ ದುಡ್ಡು ತೆಗೆದು ಅಟೆಂಡರ್ ಅಣ್ಣನಿಗೆ ಕೊಟ್ಟು, ಹೊಸದು ತಂದಿಡಲು ಹೇಳಿದರು.

ಅವತ್ತು ಸಂಜೆ ಮೊದಲ ತಂತಿ ಮೀಟಿದಾಗ ಗಂಟೆಯ ಹಾಗೆ ಕೇಳಿತು. ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಕಾಲೇಜ್ ಡೇಗೆ ನುಡಿಸಿದೆವು. ನಮ್ಮ ಗಿಟಾರಿನ ಸದ್ದು ಅರ್ಧ ವಾಟ್. ಅತ್ತೆ ಮನೆಯ ಜಗಲಿಗೆ ಬೇಕಾದಷ್ಟಾಯಿತು, ಸಭಾಂಗಣದಲ್ಲಿ ಎರಡನೇ ಸಾಲಿಗೂ ಕೇಳುವುದಿಲ್ಲ. ಮೈಕ್ ಸ್ಟ್ಯಾಂಡ್ ಎಲ್ಲವೂ ಹಾಡುವವರ ಮುಂದಿದ್ದವು. ನಾನು ಶುರು ಮಾಡಿ ನಾಲ್ಕು ಸ್ವರ ಆಗಿರಬಹುದು, ಸರ್ ವೇದಿಕೆ ಹತ್ತಿ ಬಂದರು. ಒಂದು ಮೈಕ್ ಕಿತ್ತುಕೊಂಡು, ನನ್ನ ಪಕ್ಕ ಒಂದು ಮೊಣಕಾಲೂರಿ ಕೂತು, ಗಿಟಾರಿನ ಹೊಟ್ಟೆಯ ಮುಂದೆ ಹಿಡಿದರು. ಹತ್ತಿರ ತಂದರೆ ಕೂಗುತ್ತದೆ, ದೂರ ಹೋದರೆ ಕೇಳುವುದಿಲ್ಲ. ಸರಿಯಾದ ಜಾಗ ಅವರಿಗೆ ಗೊತ್ತಿತ್ತು. ಹಾಡು ಮುಗಿಯುವವರೆಗೆ ಅವರ ಕೈ ಅಲುಗಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲಿಗೆ ವೇದಿಕೆಯ ಧೂಳು ಹತ್ತಿದ್ದು ನನಗೆ ಇನ್ನೂ ಕಾಣುತ್ತದೆ.

ಗೆಳೆಯ ಈಗ ದೂರದ ಊರಿನಲ್ಲಿದ್ದಾನೆ. ಸರ್ ನಿವೃತ್ತರಾಗಿದ್ದಾರೆ. ಗಿಟಾರ್ ಊರಿನ ಮನೆಯಲ್ಲಿದೆ. ಬೇಸಗೆಯಲ್ಲಿ ಬಿಸಿಲಿಗೆ ಹತ್ತಿರ ಇಟ್ಟರೆ ಪಿಕಪ್ಪಿನಿಂದ ಜೇನುಮೇಣದ ವಾಸನೆ ಬರುತ್ತದೆ. ಸೆಲ್ ಸೋರಿ ಹಾಳಾಗಬಾರದು ಅಂತ ತೆಗೆದಿಟ್ಟಿದ್ದೇನೆ. ಈ ಮಳೆಗಾಲ ಮುಗಿದ ಮೇಲೆ ಅದನ್ನು ಲ್ಯಾಬಿಗೆ ತಂದು ಕೊಡುತ್ತೇನೆ. ರೆಕಾರ್ಡ್ ಪುಸ್ತಕವನ್ನೂ ಜೊತೆಗಿಡುತ್ತೇನೆ, ಕೊನೇ ಪುಟದಲ್ಲಿ ಪೂರ್ತಿ ಸರ್ಕ್ಯೂಟ್ ಇದೆ. ಹಿಂದಿನ ಮುಚ್ಚಳಕ್ಕೆ ನಾಲ್ಕೇ ಸ್ಕ್ರೂ, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಆರು ಪೆನ್ ಟಾರ್ಚ್ ಸೆಲ್ ತಂದಿಟ್ಟಿರಿ.