ಗುಜರಿಗೆ ಹೊರಟಿದ್ದ ಲಿಸ್ಟರ್: ಗಿಬ್ ಕೀ ಕಡೆಗೂ ಕದಲಿತು

ಫ್ಲೈವೀಲಿನ, ಅಂದರೆ ಎಂಜಿನ್ನಿನ ಭಾರದ ಚಕ್ರದ, ಗಿಬ್ ಕೀ ಹೊರಬಂದಿದೆ, ತಲೆ ಮುರಿಯದೆ! ಚಕ್ರವನ್ನು ಕ್ರ್ಯಾಂಕಿನ ದಂಡಕ್ಕೆ ಬಿಗಿಯುವ, ತಲೆಯಿರುವ ಇಳಿಜಾರು ಉಕ್ಕಿನ ತುಂಡು ಅದು. ಹಳೆಯ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ಬಿಚ್ಚಿದವರಿಗೆ ನನ್ನ ಸಂತೋಷ ಅರ್ಥವಾಗುತ್ತದೆ.

ಮಂಡ್ಯ ಕಡೆಯ ಆಲೆಮನೆಯಲ್ಲಿ ಗಾಣ ತಿರುಗಿಸುತ್ತಿದ್ದ ಎಂಜಿನ್ ಇದು. ಒಂದೇ ಸಿಲಿಂಡರ್, 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು. ಮೋಟಾರು ಬಂದ ಮೇಲೆ ಮೂಲೆ ಸೇರಿದ್ದನ್ನು ಮುರಿದ ಕಲ್ಟಿವೇಟರಿನ ಜೊತೆ ಬೀಡಿನ (ಎರಕದ ಕಬ್ಬಿಣದ) ದರಕ್ಕೇ ಕೊಂಡೆ. ಕ್ರ್ಯಾಂಕು, ಫ್ಲೈವೀಲುಗಳು ನನಗೆ. ಬಿರುಕು ಬಿಟ್ಟ ಸಿಲಿಂಡರು ಮತ್ತು ಉಳಿದದ್ದೆಲ್ಲ ಗುಜರಿಗೆ. ಆ ಹಣದಲ್ಲೇ ಹೊಸ ಬೇರಿಂಗು ಬರಬೇಕು.

ಆದರೆ ಗುಜರಿಯವರಿಗೆ ಬಿಚ್ಚುವ ತಾಳ್ಮೆ ಇಲ್ಲ. ಫ್ಲೈವೀಲ್ ಬರದಿದ್ದರೆ ಸುತ್ತಿಗೆಯಿಂದ ಒಡೆಯುತ್ತೇವೆ, ಬೀಡು ತಾನೇ ಎನ್ನುತ್ತಾರೆ. ತಾಮ್ರದ ಡೀಸೆಲ್ ಕೊಳವೆ, ಹಿತ್ತಾಳೆ ಬುಷ್ ಸಮೇತ ಎಲ್ಲವನ್ನೂ ಬೀಡಿನ ಲೆಕ್ಕದಲ್ಲೇ ತೂಗಲು ಬರುತ್ತಾರೆ. ಇದು ಹಗಲು ದರೋಡೆ. ದಯವಿಟ್ಟು ಬೇರ್ಪಡಿಸಿಯೇ ತೂಗಿಸಿ. ಟ್ರ್ಯಾಕ್ಟರನ್ನು ಗುಜರಿಗೆ ಕೊಡುವವರು ಇನ್ನೊಂದು ಕೆಲಸ ಮರೆಯಬಾರದು: ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಿ. ಪಂಪ್‌ಸೆಟ್ ಎಂಜಿನ್ನಿಗೆ ಆ ತಾಪತ್ರಯವಿಲ್ಲ.

ಇನ್ನು ಕೀಯ ಕಥೆ. ಅದರ ಇಳಿಜಾರು ನೂರಕ್ಕೆ ಒಂದು. ಹತ್ತು ಮಿಲಿಮೀಟರ್ ಹಿಂದಕ್ಕೆ ಬಂದರೆ ಸಿಗುವ ಸಡಿಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ. ಆದರೂ ಮೊದಲ ಕೂದಲೆಳೆಯಷ್ಟು ಕದಲಿಸುವುದೇ ಕಷ್ಟ, ಮುಂದಿನದು ತಾನಾಗಿ ಬರುತ್ತದೆ. ವರ್ಷಗಟ್ಟಲೆ ಕಬ್ಬಿನ ಹಾಲು, ಮಳೆನೀರು ಕುಡಿದ ತುಕ್ಕು ಅದನ್ನು ಹಬ್ಬಿಗೆ, ಅಂದರೆ ಚಕ್ರದ ನಡುಭಾಗಕ್ಕೆ, ಬೆಸೆದುಬಿಟ್ಟಿತ್ತು. ಸೀಮೆಎಣ್ಣೆ, ಡೀಸೆಲ್ ಯಾವುದಕ್ಕೂ ಜಗ್ಗಲಿಲ್ಲ. ಒಂದೇ ಬೆಣೆಯನ್ನು ಒಂದು ಕಡೆಯಿಂದ ಹೊಡೆದರೆ ತಲೆ ವಾಲುತ್ತದೆ, ತಲೆ ಮುರಿದರೆ ಡ್ರಿಲ್ ಹಿಡಿಯುವುದೊಂದೇ ದಾರಿ. ಹಾಗಾಗಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಎರಡು ಬೆಣೆ ಉಜ್ಜಿಕೊಂಡು, ಕೀ ತಲೆಗೂ ಹಬ್ಬಿಗೂ ನಡುವೆ ಎದುರುಬದುರಾಗಿ ಕೊಟ್ಟೆ. ಆಗ ಎಳೆತ ನೇರವಾಗುತ್ತದೆ. ಎಣ್ಣೆಯನ್ನು ಚೆನ್ನಾಗಿ ಒರೆಸಿ, ಹಬ್ಬನ್ನು ಸುತ್ತಲೂ ಸಮನಾಗಿ ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿದೆ. ಒಂದೇ ಜಾಗಕ್ಕೆ ಹಿಡಿದರೆ ಬೀಡು ಬಿರಿಯುತ್ತದೆ, ನೀರು ಎರಚಿದರಂತೂ ಮುಗಿಯಿತು. ಬಿಸಿಯಿರುವಾಗಲೇ ಜ್ವಾಲೆ ಆರಿಸಿ ಸಂದಿಗೆ ಮೇಣದಬತ್ತಿ ತಾಗಿಸಿದೆ. ಕರಗಿದ ಮೇಣ ಸರ್ರನೆ ಒಳಗಿಳಿಯಿತು. ಎರಡೂ ಬೆಣೆಗಳಿಗೆ ಒಂದೊಂದಾಗಿ ಹದವಾದ ಪೆಟ್ಟು ಕೊಡುತ್ತಾ ಹೋದಂತೆ, ಕೀಯ ಅಂಚಿನಲ್ಲಿ ಕಂದು ಪುಡಿ ಉದುರಿ ಹೊಳೆಯುವ ಉಕ್ಕಿನ ಗೆರೆ ಕಾಣಿಸಿತು. ಆ ಗೆರೆ ನೋಡಿ ಕೂಗಿಬಿಟ್ಟೆ!

ಬದಲಿಗೆಂದು ತರಿಸಿದ ಹೊಸ ಕೀ ನೋಡಿದರೆ ಸಿಟ್ಟು ಬರುತ್ತದೆ. ತಾಗುವ ಜಾಗ ಗುರುತಿಸಲು ನೀಲಿ ಬಣ್ಣ ಬಳಿದು ಕೂರಿಸಿ ನೋಡಿದರೆ ಒಂದು ತುದಿಯಲ್ಲಷ್ಟೇ ತಾಗುತ್ತದೆ. ಇಳಿಜಾರನ್ನೇ ಸರಿಯಾಗಿ ಕೊಡದೆ ಮಾರುವುದು ಯಾವ ನ್ಯಾಯ? ಹಳೆಯದನ್ನೇ ಉಜ್ಜಿ ಬಳಸುತ್ತೇನೆ.

ಅದೇ ಆಲೆಮನೆಯ ಹಿತ್ತಲಲ್ಲಿ ಮೂರು ಉರುಳೆಯ ಗಾಣವೂ ಬಿದ್ದಿದೆ. ಉರುಳೆಗಳ ಹಲ್ಲು ಇನ್ನೂ ಚೂಪಾಗಿವೆ. ಸಿಲಿಂಡರಿನ ಬೀಡು ಮಾರಿದ ದುಡ್ಡು ಬೇರಿಂಗಿಗೆ ಹೋಗಿ ಮಿಕ್ಕರೆ ಅದಕ್ಕೆ ಮುಂಗಡ ಕೊಡುತ್ತೇನೆ. ಅದಕ್ಕಿಂತ ಮೊದಲು ಇನ್ನೊಂದು ಬದಿಯ ಫ್ಲೈವೀಲ್ ಇದೆ, ಅದರ ಕೀಯ ತಲೆಯನ್ನು ಯಾರೋ ಹಿಂದೆಯೇ ಮುರಿದಿದ್ದಾರೆ. ಇಂಥದ್ದನ್ನು ಹಬ್ಬಿಗೆ ಪೆಟ್ಟಾಗದಂತೆ ತೆಗೆದವರಿದ್ದರೆ ಯಾವ ಅಳತೆಯ ಡ್ರಿಲ್ಲಿನಿಂದ ಶುರು ಮಾಡಿದಿರಿ, ಹೇಳಿ.