ಕೊಟ್ಟ ಅಂಕಿ, ಪಡೆದ ಅಂಕಿ

ನಾವು ಓದುತ್ತಿದ್ದಾಗ ಗಣಿತ ವಿಭಾಗದ ಗೋಡೆ ಪತ್ರಿಕೆಯ ಒಂದು ಮೂಲೆ ಪೈಗೆ ಮೀಸಲಾಗಿತ್ತು. ಅಲ್ಲಿ ಅಂಟಿಸುವ ಸೂತ್ರಕ್ಕಿದ್ದ ನಿಯಮ ಇಷ್ಟೇ: ಪೈ ಬೆಲೆಗೆ ಆದಷ್ಟು ಹತ್ತಿರ ಬರಬೇಕು, ಆದಷ್ಟು ಸುತ್ತಿ ಬಳಸಿ ಬರಬೇಕು. ನೇರವಾಗಿ 22/7 ಎಂದು ಬರೆದವರಿಗೆ ಜಾಗವಿರಲಿಲ್ಲ. ನೋಡಿದವರಿಗೆ ಮೊದಲು ನಗು ಬರಬೇಕು, ಆಮೇಲೆ ಕ್ಯಾಲ್ಕುಲೇಟರ್ ಕೈಗೆತ್ತಿಕೊಳ್ಳುವ ಮನಸ್ಸಾಗಬೇಕು. ಇದನ್ನು ಶುರು ಮಾಡಿದವರು ನಮಗೆ ಕಲನಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಪ್ರತಿ ಸೂತ್ರದ ಕೆಳಗೂ ಅವರು ಕೆಂಪು ಶಾಯಿಯಲ್ಲಿ ಎರಡು ಸಂಖ್ಯೆ ಬರೆಯುತ್ತಿದ್ದರು. ಒಂದು, ಸೂತ್ರದೊಳಗೆ ನಾವು ಬಳಸಿದ ಒಟ್ಟು ಅಂಕಿಗಳು. ಇನ್ನೊಂದು, ಅದರಿಂದ ಸರಿಯಾಗಿ ಸಿಕ್ಕ ಪೈ ಅಂಕಿಗಳು. ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬ ಆ ಲೆಕ್ಕದಿಂದ ನಾನು ಕಲಿತಷ್ಟು ಗಣಿತವನ್ನು ಪರೀಕ್ಷೆಗೆ ಓದಿ ಕಲಿಯಲಿಲ್ಲ.

ಮೊದಲ ವಾರಗಳಲ್ಲಿ ಎಲ್ಲರ ಮೆಚ್ಚುಗೆ ಗಳಿಸಿದ್ದು ಐದುಗಳ ಸೂತ್ರ. ಒಂದು ಡಿಗ್ರಿಯನ್ನು 555555555ರಿಂದ ಭಾಗಿಸಿ ಸೈನ್ ಒತ್ತಿದರೆ ಕ್ಯಾಲ್ಕುಲೇಟರ್ ಪರದೆಯ ಮೇಲೆ 3.14159265 ಎಂದು ಶುರುವಾಗುವ ಸಂಖ್ಯೆ ಮೂಡುತ್ತದೆ, ಪಕ್ಕದಲ್ಲಿ ಹತ್ತರ ಋಣ ಘಾತವೊಂದಿರುತ್ತದೆ ಅಷ್ಟೇ. ಬರೀ ಐದುಗಳಿಂದ ಪೈ! ಮೇಷ್ಟ್ರು ಕರಿಹಲಗೆಯ ಮೇಲೆ ಒಂದೇ ಗುಣಾಕಾರ ಮಾಡಿ ತೋರಿಸಿದರು: 180 × 555555555 = 99999999900. ಡಿಗ್ರಿಯನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ತಿರುಗಿಸುವಾಗ ಪೈಯನ್ನು 180ರಿಂದ ಭಾಗಿಸಬೇಕಲ್ಲವೇ? ಹಾಗಾಗಿ ನಾವು ಮಾಡಿದ್ದು ಪೈಯನ್ನು ಹೆಚ್ಚು ಕಡಿಮೆ 10¹¹ರಿಂದ ಭಾಗಿಸಿದ್ದು. ಕೋನ ತೀರ ಚಿಕ್ಕದಾದ್ದರಿಂದ ಸೈನ್ ಅದನ್ನು ಹಾಗೆಯೇ ವಾಪಸು ಕೊಡುತ್ತದೆ. ಪೈ ಹಿತ್ತಿಲ ಬಾಗಿಲಿನಿಂದ ಮೊದಲೇ ಒಳಗೆ ಬಂದು ಕೂತಿತ್ತು. ಅಂದಿನಿಂದ ಡಿಗ್ರಿಯ ಬಳಕೆಗೆ ನಿಷೇಧ ಬಿತ್ತು. ನನಗೆ ಮಾತ್ರ ಆ ಸೂತ್ರದ ಮೇಲಿನ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ. ಡಿಗ್ರಿ ಎನ್ನುವುದರೊಳಗೇ ಪೈ ಇದೆ ಎಂದು ಅಷ್ಟು ಚೊಕ್ಕವಾಗಿ ಹೇಳುವ ಉದಾಹರಣೆಯನ್ನು ನಾನು ಬೇರೆ ಕಂಡಿಲ್ಲ.

ಮುಂದಿನ ಸರದಿ 355/113ರದು. ಐದನೆಯ ಶತಮಾನದಲ್ಲಿ ಚೀನಾದ ಝು ಚೊಂಗ್‌ಝಿ ಕಂಡುಕೊಂಡ ಈ ಭಿನ್ನರಾಶಿಗೆ ಆರು ಅಂಕಿ ಕೊಟ್ಟರೆ 3.141592 ಎಂದು ಏಳು ಸರಿಯಾದ ಅಂಕಿ ಸಿಗುತ್ತವೆ. ಒಂದು ಅಂಕಿ ಲಾಭ. ನಮ್ಮ ಸಹಪಾಠಿಯೊಬ್ಬಳು ಅದಕ್ಕೆ ಹೊಸ ವೇಷ ತೊಡಿಸಿ ತಂದಳು: 3 + 4²/(7² + 8²). ನೋಡಲು ಬಹಳ ಚೆಂದ. ಬೆಲೆಯೂ ಅದೇ 355/113. ಆದರೆ ಈಗ ಕೊಟ್ಟದ್ದು ಏಳು, ಪಡೆದದ್ದು ಏಳು. ವೇಷದ ಖರ್ಚಿಗೆ ಲಾಭ ಸರಿಹೋಯಿತು.

ವೇಷವೇ ಸರ್ವಸ್ವವಾದ ಸೂತ್ರವೆಂದರೆ ಡಾರಿಯೋ ಕಾಸ್ಟೆಯಾನೋಸ್ 1988ರ ಲೇಖನವೊಂದರಲ್ಲಿ ಕೊಟ್ಟದ್ದು. ಮೇಷ್ಟ್ರು ಅದನ್ನು ತಾವೇ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದರು:

(1700³ + 82³ − 10³ − 9³ − 6³ − 3³) / 69⁵

ಅಂಶದಲ್ಲಿ ಆರು ಘನಗಳು, ಛೇದದಲ್ಲಿ 69ರ ಐದನೆಯ ಘಾತ. ಇದನ್ನು ಕೈಯಿಂದ ಬಿಡಿಸುವಂತೆ ಅವರು ಹೇಳಿದರು, ನಾವು ಬಿಡಿಸಿದೆವು. ಮೇಲೆ 4913549396, ಕೆಳಗೆ 1564031349. ಭಾಗಿಸಿದರೆ 3.14159265358 ತನಕ ಪ್ರತಿಯೊಂದು ಅಂಕಿಯೂ ಸರಿ! ಆದರೆ ಕೆಂಪು ಶಾಯಿಯ ಲೆಕ್ಕ ಬೇರೆ ಕಥೆ ಹೇಳಿತು: ಕೊಟ್ಟದ್ದು ಇಪ್ಪತ್ತು, ಪಡೆದದ್ದು ಹನ್ನೆರಡು. ಛೇದ ಅಷ್ಟು ದೊಡ್ಡದಾಗಿದ್ದರೆ ಭಾಗಲಬ್ಧವನ್ನು ಪೈಗೆ ಹತ್ತಿರ ತರುವ ಪೂರ್ಣಾಂಕವೊಂದು ಮೇಲೆ ಸಿಕ್ಕೇ ಸಿಗುತ್ತದೆ, ಅಷ್ಟಕ್ಕೇ ಎಂಟೊಂಬತ್ತು ದಶಮಾಂಶ ಸ್ಥಾನ ಸರಿಹೋಗುತ್ತವೆ. 69⁵ರ ವಿಷಯದಲ್ಲಿ ಆ ಪೂರ್ಣಾಂಕ ಇನ್ನಷ್ಟು ಹತ್ತಿರ ಬಿದ್ದದ್ದು ಅದೃಷ್ಟ. ಆಮೇಲೆ ಆ ಪೂರ್ಣಾಂಕವನ್ನು ಘನಗಳಾಗಿ ಒಡೆದು ಬರೆಯುವುದು ತಾಳ್ಮೆಯ ಕೆಲಸ. ಆ ತಾಳ್ಮೆಯನ್ನೂ ನಾನು ಗೌರವಿಸುತ್ತೇನೆ. ಯಾರಿಗೂ ಬೇಡದ ಒಂದು ಸಾಲನ್ನು ಇಷ್ಟು ಅಚ್ಚುಕಟ್ಟಾಗಿ ಹೆಣೆಯಲು ಸಂಖ್ಯೆಗಳ ಮೇಲೆ ನಿಜವಾದ ಅಕ್ಕರೆ ಇರಬೇಕು.

ರಾಮಾನುಜನ್ ಸೂತ್ರ ಗೋಡೆಗೆ ಬಂದ ದಿನ ವಾದ ಬಹಳ ಹೊತ್ತು ನಡೆಯಿತು. 9² + 19²/22, ಇದರ ನಾಲ್ಕನೆಯ ಮೂಲ. ಅವರ 1914ರ ಪ್ರಸಿದ್ಧ ಪ್ರಬಂಧದಲ್ಲಿ ಇದು ಇದೆ. ಮೂಲದ ನಾಲ್ಕನ್ನೂ ಸೇರಿಸಿ ಎಂಟು ಅಂಕಿ ಕೊಟ್ಟು ಒಂಬತ್ತು ಪಡೆಯಬಹುದು. 2143/22 ಎಂದು ಬರೆದುಕೊಂಡರೆ ಏಳಕ್ಕೇ ಒಂಬತ್ತು. ಇದರ ಹಿಂದೆ ಯಾವುದೋ ಆಳವಾದ ಸಿದ್ಧಾಂತ ಇರಲೇಬೇಕೆಂದು ನಮ್ಮಲ್ಲಿ ಹಲವರು ಪಟ್ಟು ಹಿಡಿದರು. ಆದರೆ ರಾಮಾನುಜನ್ ಅವರೇ ಇದನ್ನು ಲೆಕ್ಕ ಮಾಡಿ ನೋಡಿ ಕಂಡುಕೊಂಡದ್ದೆಂದು ಆ ಪ್ರಬಂಧದಲ್ಲಿ ಹೇಳಿದ್ದಾರೆ. ಮೇಷ್ಟ್ರು ಪೈಯ ನಾಲ್ಕನೆಯ ಘಾತವನ್ನು ಸತತ ಭಿನ್ನರಾಶಿಯಾಗಿ ಬಿಡಿಸಿದರು, ಅಂದರೆ ಪೂರ್ಣಾಂಕ ತೆಗೆದು, ಉಳಿದ ಭಾಗವನ್ನು ತಲೆಕೆಳಗು ಮಾಡಿ, ಮತ್ತೆ ಪೂರ್ಣಾಂಕ ತೆಗೆಯುತ್ತ ಹೋದರು. ಅದರಲ್ಲಿ ಬರುವ ಪೂರ್ಣಾಂಕಗಳು ಕ್ರಮವಾಗಿ 97, 2, 2, 3, 1, ಆಮೇಲೆ ದಿಢೀರನೆ 16539. ಅಂಥ ದೊಡ್ಡ ಸಂಖ್ಯೆಗೆ ಸ್ವಲ್ಪ ಮುಂಚೆ ಕತ್ತರಿಸಿದರೆ ಉಳಿಯುವ ದೋಷ ಅತ್ಯಲ್ಪ. ಅಲ್ಲಿ ಕತ್ತರಿಸಿದಾಗ ಬರುವುದೇ 2143/22. 355/113 ಅಷ್ಟು ನಿಖರವಾಗಿರುವುದಕ್ಕೂ ಕಾರಣ ಇದೇ: ಪೈಯ ಸತತ ಭಿನ್ನರಾಶಿ 3, 7, 15, 1 ಆದ ಮೇಲೆ 292ಕ್ಕೆ ನೆಗೆಯುತ್ತದೆ.

ಈ ಮೂಲೆಯಲ್ಲಿ ನನ್ನ ಮನಸ್ಸನ್ನು ಪೂರ್ತಿ ಗೆದ್ದ ಸೂತ್ರ ನೋಡಲು ಎಲ್ಲಕ್ಕಿಂತ ಅನಗತ್ಯವೆನ್ನಿಸುವಂಥದ್ದು. ಅದೊಂದು ಅನುಕಲನ, ಅಂದರೆ ವಕ್ರರೇಖೆಯ ಕೆಳಗಿನ ಕ್ಷೇತ್ರಫಲದ ಲೆಕ್ಕ. ಚರಾಕ್ಷರ ಕ್ಷ ಸೊನ್ನೆಯಿಂದ ಒಂದರವರೆಗೆ ಹೋಗುವಾಗ

ಕ್ಷ⁴(1 − ಕ್ಷ)⁴ / (1 + ಕ್ಷ²)

ಎಂಬುದನ್ನು ಅನುಕಲಿಸಬೇಕು. ಬರುವ ಉತ್ತರ 22/7 − ಪೈ. ಪೈ ಬೇಕಾದವರು 22/7ರಿಂದ ಈ ಅನುಕಲನವನ್ನು ಕಳೆಯಬೇಕು. ಕೊನೆಗೆ ಮತ್ತೆ ಪೈಯೇ ಸಿಗುವುದಾದರೆ ಈ ಸರ್ಕಸ್ ಏಕೆ ಎಂದು ಎಲ್ಲರೂ ನಕ್ಕರು. ಮೇಷ್ಟ್ರು ನಗುವಿನಲ್ಲಿ ಪಾಲ್ಗೊಂಡು, ಭಾಗಾಕಾರ ಮಾಡಿ ಎಂದರು. ಅಂಶವನ್ನು ಬಿಡಿಸಿ ಛೇದದಿಂದ ಭಾಗಿಸಿದರೆ ಕ್ಷ⁶ − 4ಕ್ಷ⁵ + 5ಕ್ಷ⁴ − 4ಕ್ಷ² + 4 ಬಂದು, −4 ಶೇಷ ಉಳಿಯುತ್ತದೆ. ಪದ ಪದವಾಗಿ ಅನುಕಲಿಸಿದರೆ 1/7 − 2/3 + 1 − 4/3 + 4. ಎರಡು ಮೂರಾಂಶವೂ ನಾಲ್ಕು ಮೂರಾಂಶವೂ ಸೇರಿ ಎರಡಾಗಿ ಕಳೆದುಹೋಗುತ್ತವೆ, ಉಳಿಯುವುದು ಮೂರು ಪೂರ್ಣ ಒಂದು ಏಳಾಂಶ. ಅಂದರೆ 22/7. ಶೇಷದ ಭಾಗ, ಅಂದರೆ 4/(1 + ಕ್ಷ²), ಅನುಕಲಿಸಿದಾಗ ಪೈ ಆಗಿ ಕಳೆಯುತ್ತದೆ.

ಆಗ ಅವರು ಕೇಳಿದ ಪ್ರಶ್ನೆ ಒಂದೇ: ಸೊನ್ನೆ ಮತ್ತು ಒಂದರ ನಡುವೆ ಆ ಪದ ಎಲ್ಲಾದರೂ ಋಣವಾಗುತ್ತದೆಯೇ? ಆಗುವುದಿಲ್ಲ. ಮೇಲಿರುವುದು ನಾಲ್ಕನೆಯ ಘಾತಗಳು, ಕೆಳಗಿರುವುದು ಒಂದಕ್ಕಿಂತ ಕಡಿಮೆಯಾಗದ ಸಂಖ್ಯೆ. ಆದ್ದರಿಂದ ಅನುಕಲನ ಧನಾತ್ಮಕ, ಆದ್ದರಿಂದ 22/7 ಪೈಗಿಂತ ದೊಡ್ಡದು. ಶಾಲೆಯಿಂದಲೂ 22/7 ಎಂದೇ ಬರೆದುಕೊಂಡು ಬಂದವರಿಗೆ ಅದು ಪೈ ಅಲ್ಲ, ಪೈಯ ಯಾವ ಕಡೆಗಿದೆ ಎಂಬುದರ ಪುರಾವೆ ನಾಲ್ಕು ಸಾಲಿನಲ್ಲಿ ಸಿಕ್ಕಿತು. ಅಂಶವನ್ನಷ್ಟೇ ಅನುಕಲಿಸಿದರೆ 1/630 ಬರುತ್ತದೆ, ಛೇದದ ಬೆಲೆ ಒಂದು ಮತ್ತು ಎರಡರ ನಡುವೆಯೇ ಇರುವುದರಿಂದ ವ್ಯತ್ಯಾಸ 1/1260 ಮತ್ತು 1/630ರ ನಡುವೆ ಇರಬೇಕೆಂಬುದೂ ಅದೇ ಉಸಿರಿನಲ್ಲಿ ಬಂತು. ಡಾಲ್ಜೆಲ್ 1944ರಲ್ಲಿ ಪ್ರಕಟಿಸಿದ ಈ ಸಮೀಕರಣ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಗಣಿತ ಸ್ಪರ್ಧೆಯಾದ ಪಟ್ನಮ್‌ನ 1968ರ ಮೊದಲ ಪ್ರಶ್ನೆಯಾಗಿಯೂ ಬಂದಿತ್ತು. ಅದರ ಕೆಳಗೆ ಮೇಷ್ಟ್ರು ಕೆಂಪು ಶಾಯಿಯ ಲೆಕ್ಕ ಬರೆಯಲೇ ಇಲ್ಲ. ಬರೆಯದಿದ್ದದ್ದು ಸರಿಯೆಂದೇ ನನ್ನ ಅಭಿಪ್ರಾಯ.

163ರ ಸೂತ್ರವನ್ನೂ ಹೇಳಿಬಿಡುತ್ತೇನೆ. 640320ರ ಘನಕ್ಕೆ 744 ಕೂಡಿಸಿ, ಸ್ವಾಭಾವಿಕ ಲಾಗರಿದಮ್ ತೆಗೆದು, 163ರ ವರ್ಗಮೂಲದಿಂದ ಭಾಗಿಸಿದರೆ 30 ದಶಮಾಂಶ ಸ್ಥಾನದವರೆಗೆ ಪೈ ಸಿಗುತ್ತದೆ. ಕೊಟ್ಟದ್ದು ಹದಿಮೂರು, ಪಡೆದದ್ದು ಮೂವತ್ತೊಂದು. ಇಷ್ಟು ಲಾಭ ಕಾಕತಾಳೀಯವಾಗಿ ಬರುವುದಿಲ್ಲ. ಇದರ ಬೇರು ಋಣ 163ರ ವರ್ಗಮೂಲವನ್ನು ಸೇರಿಸಿಕೊಂಡ ಸಂಖ್ಯಾಲೋಕದಲ್ಲಿ ಅವಿಭಾಜ್ಯಗಳ ಗುಣಲಬ್ಧವಾಗಿ ಒಡೆಯುವ ಕ್ರಮ ಒಂದೇ ಆಗಿರುವುದರಲ್ಲಿದೆ. ಸಂಖ್ಯೆಯೊಂದರ ವರ್ಗಕ್ಕೆ ಆ ಸಂಖ್ಯೆಯನ್ನೂ 41ನ್ನೂ ಕೂಡಿದರೆ 0ಯಿಂದ 39ರವರೆಗೆ ಬರೀ ಅವಿಭಾಜ್ಯಗಳು ಬರುತ್ತವೆಂದು ಆಯ್ಲರ್ ಗಮನಿಸಿದ್ದೂ ಇದೇ ಬೇರಿನ ಇನ್ನೊಂದು ಚಿಗುರು. ಪೈಯನ್ನು 163ರ ವರ್ಗಮೂಲದಿಂದ ಗುಣಿಸಿ ಇ (2.718…) ಎಂಬ ಸಂಖ್ಯೆಗೆ ಘಾತವಾಗಿ ಏರಿಸಿದರೆ ದಶಮಾಂಶ ಬಿಂದುವಿನ ನಂತರ ಸಾಲಾಗಿ ಹನ್ನೆರಡು ಒಂಬತ್ತುಗಳು ನಿಲ್ಲುತ್ತವೆ. 1975ರ ಏಪ್ರಿಲ್ ತಿಂಗಳ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಗಣಿತ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಅದು ಪೂರ್ಣಾಂಕವೇ ಎಂದು ಬರೆದು ಓದುಗರನ್ನು ಏಪ್ರಿಲ್ ಫೂಲ್ ಮಾಡಿದ್ದರು.

ನಮ್ಮ ಕೊನೆಯ ವರ್ಷ ಗೋಡೆಗೆ ಬಂದದ್ದು ಗಣಿತಜ್ಞರಾದ ಬೋರ್ವೈನ್ ಸಹೋದರರು 1992ರಲ್ಲಿ ತೋರಿಸಿದ ಸೂತ್ರ. ಧನ, ಋಣ, ಸೊನ್ನೆ ಎಲ್ಲ ಪೂರ್ಣಾಂಕಗಳನ್ನೂ ತೆಗೆದುಕೊಳ್ಳಿ. ಪ್ರತಿಯೊಂದರ ವರ್ಗವನ್ನು 10¹⁰ರಿಂದ ಭಾಗಿಸಿ, ಋಣ ಚಿಹ್ನೆ ಹಾಕಿ, ಇ ಮೇಲೆ ಘಾತವಾಗಿ ಇಡಿ. ಎಲ್ಲವನ್ನೂ ಕೂಡಿ 10⁵ರಿಂದ ಭಾಗಿಸಿ ವರ್ಗ ಮಾಡಿ. ಉತ್ತರ 4200 ಕೋಟಿಗೂ ಹೆಚ್ಚು ಅಂಕಿಗಳವರೆಗೆ ಪೈ ಜೊತೆ ಹೊಂದುತ್ತದೆ, ಆಮೇಲೆ ಬೇರೆಯಾಗುತ್ತದೆ. ಎರಡರ ನಡುವೆ ಸಮ ಚಿಹ್ನೆ ಹಾಕುವಂತಿಲ್ಲ. ಇದು ಗಂಟೆಯಾಕಾರದ ವಕ್ರರೇಖೆಯ ಕೆಳಗಿನ ಕ್ಷೇತ್ರಫಲವನ್ನು ತೆಳುವಾದ ಪಟ್ಟಿಗಳಿಂದ ಅಳೆಯುವ ಕೆಲಸ. ಆ ಕ್ಷೇತ್ರಫಲ ಪೈಯ ವರ್ಗಮೂಲ, ಪಟ್ಟಿಯ ಅಗಲ 10⁵ರಲ್ಲಿ ಒಂದು ಭಾಗ. ಪಟ್ಟಿ ತೆಳುವಾದಂತೆ ದೋಷ ನಂಬಲಾಗದ ವೇಗದಲ್ಲಿ ಕುಗ್ಗುತ್ತದೆ.

ಈಗ ಓದುತ್ತಿರುವವರು ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಬೇಕೆಂದು ನನ್ನ ಆಸೆ. ಪಟ್ಟಿಯ ಅಗಲ ಒಂದೇ ಇರಲಿ. ಋಣ ಮೂರರಿಂದ ಮೂರರವರೆಗಿನ ಏಳು ಪೂರ್ಣಾಂಕಗಳು ಸಾಕು. ಪ್ರತಿಯೊಂದರ ವರ್ಗವನ್ನು ಋಣವಾಗಿಸಿ ಇ ಮೇಲೆ ಘಾತವಾಗಿಟ್ಟು ಕೂಡಿದರೆ 1.7726, ಅದರ ವರ್ಗ 3.1422. ಆಗಲೇ 22/7ಕ್ಕಿಂತ ಹತ್ತಿರ ಬಂದಾಯಿತು. ಇನ್ನು ಅಗಲವನ್ನು ಅರ್ಧ ಮಾಡಿ: ವರ್ಗಗಳನ್ನು 4ರಿಂದ ಭಾಗಿಸಿ, ಎರಡೂ ಕಡೆ 13ರವರೆಗೆ ಹೋಗಿ, ಮೊತ್ತವನ್ನು 2ರಿಂದ ಭಾಗಿಸಿ ವರ್ಗ ಮಾಡಿ. 15 ದಶಮಾಂಶ ಸ್ಥಾನ ಸರಿ ಬರುತ್ತವೆ. ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಅದನ್ನು ಪೈ ಎಂದೇ ತೋರಿಸುತ್ತದೆ.