ಗಿಟಾರಿನ ಮೈನರ್ ಕಾರ್ಡ್ ಅಭ್ಯಾಸ: ಇ ಮೈನರ್‌ನಿಂದ ಎಫ್ ಮೈನರ್‌ವರೆಗೆ

ಸದ್ಯದ ಸ್ಥಿತಿ: ಇ ಮೈನರ್, ಎ ಮೈನರ್, ಡಿ ಮೈನರ್ ಮೂರೂ ಕೈಗೆ ಕೂತಿವೆ. ಬಾರ್ ಹಾಕಿ (ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತಿ) ಹಿಡಿಯುವ ಮೈನರ್ 5ನೇ ಫ್ರೆಟ್‌ನಲ್ಲಿ ಚೆನ್ನಾಗಿ ಮೊಳಗುತ್ತದೆ, 1ನೇ ಫ್ರೆಟ್‌ಗೆ ಬಂದರೆ ಮೂರನೇ ತಂತಿ ಇನ್ನೂ ಮಂಕು. ತಂತಿಗಳ ಎಣಿಕೆ ರೂಢಿಯಂತೆ: ತೀರಾ ತೆಳುವಾದದ್ದು 1, ದಪ್ಪದ್ದು 6. ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿ, ಅದರ ಹಿಂದೆ ಬೆರಳಿಡುವ ಜಾಗಕ್ಕೂ ಅದೇ ಹೆಸರು.

ಕಾರ್ಡ್ ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು. ಮೈನರ್ ಕಾರ್ಡ್‌ನಲ್ಲಿ ಇರುವುದು ಮೂರೇ ಸ್ವರ. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಬೇಗ ಹೊಳೆಯುತ್ತದೆ: ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಅಂತರ ಗಾಂಧಾರ ಹಾಕಿದರೆ ಅದೇ ಮೇಜರ್. ಎರಡಕ್ಕೂ ನಡುವೆ ಒಂದೇ ಫ್ರೆಟ್. ಷಡ್ಜ ಎರಡು ಮೂರು ತಂತಿಗಳಲ್ಲಿ ಬರುತ್ತದೆ, ಪಂಚಮವೂ ಸಾಮಾನ್ಯವಾಗಿ ಎರಡರಲ್ಲಿ. ಗಾಂಧಾರ ಮಾತ್ರ ಇಲ್ಲಿ ಹಿಡಿಯುವ ಎಲ್ಲ ಆಕಾರಗಳಲ್ಲೂ ಒಂದೇ ತಂತಿಯಲ್ಲಿದೆ. ಆ ತಂತಿ ಸತ್ತರೆ ಕಾರ್ಡ್ ಮೇಜರೂ ಅಲ್ಲ, ಮೈನರೂ ಅಲ್ಲ. ಹಾಗಾಗಿ ಯಾವ ಕಾರ್ಡ್ ಹಿಡಿದರೂ ಮೊದಲು ಬಿಡಿಯಾಗಿ ಮೀಟಿ ನೋಡಬೇಕಾದದ್ದು ಗಾಂಧಾರದ ತಂತಿಯನ್ನೇ.

ಇ ಮೈನರ್: 5 ಮತ್ತು 4ನೇ ತಂತಿ, ಎರಡೂ 2ನೇ ಫ್ರೆಟ್, ನಡುಬೆರಳು ಮತ್ತು ಉಂಗುರ ಬೆರಳು. ಆರೂ ತಂತಿ ಮೀಟಬಹುದು. ಇಲ್ಲಿ ಗಾಂಧಾರ ಅಂದರೆ ಒತ್ತದೇ ಬಿಟ್ಟ 3ನೇ ತಂತಿ, ಜಿ. ಉಂಗುರ ಬೆರಳು ಚಪ್ಪಟೆಯಾಗಿ ಬಿದ್ದರೆ ಮೊದಲು ಬಾಯಿ ಕಟ್ಟುವುದು ಅದಕ್ಕೇ. ಎರಡೇ ಬೆರಳಿನ ಕಾರ್ಡ್ ಎಂದು ಸಲೀಸಾಗಿ ದಾಟಿಬಿಡುವವರು ಇದನ್ನು ಗಮನಿಸುವುದೇ ಇಲ್ಲ.

ಎ ಮೈನರ್: ನಡುಬೆರಳು 4ನೇ ತಂತಿ 2ನೇ ಫ್ರೆಟ್, ಉಂಗುರ ಬೆರಳು 3ನೇ ತಂತಿ 2ನೇ ಫ್ರೆಟ್, ತೋರುಬೆರಳು 2ನೇ ತಂತಿ 1ನೇ ಫ್ರೆಟ್. 5ನೇ ತಂತಿಯಿಂದ ಕೆಳಗೆ ಮೀಟಬೇಕು. 6ನೇ ತಂತಿ ತಾಗಿದರೆ ಅಪಸ್ವರವೇನೂ ಆಗದು, ಇ ಸ್ವರ ಕಾರ್ಡ್‌ನದ್ದೇ. ಬುಡ ಮಾತ್ರ ಕೆಸರಾಗುತ್ತದೆ. ಹೆಬ್ಬೆರಳ ತುದಿಯನ್ನು ಮೇಲಿನಿಂದ ಅದಕ್ಕೆ ಸವರಿಟ್ಟರೆ ಸಾಕು.

ಗಾಂಧಾರ ತೋರುಬೆರಳಿನಡಿಯ ಸಿ. ಅದು ಮೊಳಗದಿದ್ದರೆ ಎಲ್ಲರೂ ತೋರುಬೆರಳನ್ನೇ ಇನ್ನಷ್ಟು ಒತ್ತುತ್ತಾರೆ. ಬಹಳ ಸಲ ತಪ್ಪು ಪಕ್ಕದವನದ್ದು: ಉಂಗುರ ಬೆರಳು ಒರಗಿ 2ನೇ ತಂತಿಗೆ ತಾಗುತ್ತಿರುತ್ತದೆ. ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ತಂದರೆ ಬೆರಳ ತುದಿಗೆಣ್ಣು ನೆಟ್ಟಗಾಗುತ್ತದೆ. ತೋರುಬೆರಳಿನ ಒಳಬದಿ 1ನೇ ತಂತಿಗೆ ತಾಗಿದರೆ ಹೋಗುವುದು ಇ. ಅದು 4ನೇ ತಂತಿಯಲ್ಲೂ ಇರುವುದರಿಂದ ನಷ್ಟ ಕಡಿಮೆ. ಗುಂಯ್ ಎನ್ನುವ ಕರಕರೆ ಬಂದರೆ ಬೆರಳು ಫ್ರೆಟ್ ಕಂಬಿಯಿಂದ ದೂರವಿದೆ ಎಂದರ್ಥ. ಕಂಬಿಯ ಬೆನ್ನಿಗೇ ಸರಿಸಿದರೆ ಅರ್ಧ ಬಲಕ್ಕೆ ಸ್ವರ ಬರುತ್ತದೆ.

ಸ್ವರ ಬಂದರೂ ಶ್ರುತಿ ಕೂಡದಿರಬಹುದು. ಎಲ್ಲ ತಂತಿ ಟ್ಯೂನ್ ಮಾಡಿ, ಕಾರ್ಡ್ ಹಿಡಿದ ಹಾಗೆಯೇ 2ನೇ ತಂತಿಯನ್ನೊಂದೇ ಮೀಟಿ ಟ್ಯೂನರ್ ನೋಡಿ. ಸಿ ಸ್ವರ 10 ಸೆಂಟ್‌ಗಿಂತ ಹೆಚ್ಚು ಏರಿದ್ದರೆ (ಒಂದು ಫ್ರೆಟ್ ಅಂದರೆ 100 ಸೆಂಟ್) ಒತ್ತು ಜಾಸ್ತಿ, ಇಲ್ಲವೇ ತಂತಿಯನ್ನು ಪಕ್ಕಕ್ಕೆ ಎಳೆಯಲಾಗುತ್ತಿದೆ. ಹಗುರವಾಗಿ ಹಿಡಿದರೂ ಏರುತ್ತಿದ್ದರೆ ನಟ್ (ಕತ್ತಿನ ತಲೆಯ ಕಡೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಎತ್ತರ ಪರೀಕ್ಷಿಸಬೇಕು: ತಂತಿಯನ್ನು 2 ಮತ್ತು 3ನೇ ಫ್ರೆಟ್‌ಗಳ ನಡುವೆ ಒತ್ತಿದಾಗ 1ನೇ ಫ್ರೆಟ್ ಕಂಬಿಯ ಮೇಲೆ ತೆಳು ಕಾಗದದಷ್ಟೇ ಸಂದು ಉಳಿಯಬೇಕು. ಅದಕ್ಕಿಂತ ತೀರಾ ಹೆಚ್ಚಿದ್ದರೆ ನಟ್‌ನಲ್ಲಿ ತಂತಿ ಕೂರುವ ಸೀಳನ್ನು ಆಳ ಮಾಡಿಸುವ ಕೆಲಸ, ಬೆರಳಿನ ಅಭ್ಯಾಸದಿಂದ ಸರಿಹೋಗುವುದಲ್ಲ.

ಇನ್ನೊಂದು ಚಟ ಬೇಡ: ಎ ಮೈನರ್ ಇಂಪಾಗಿ ಕೇಳಲೆಂದು 2ನೇ ತಂತಿಯನ್ನು ಕಿವಿಯಿಂದ ಬಿಗಿಯುವುದು. ಷಡ್ಜದೊಡನೆ ಶುದ್ಧ 6:5 ಕಂಪನ ಅನುಪಾತದ ಗಾಂಧಾರ ಗಿಟಾರಿನ ಫ್ರೆಟ್‌ಗಿಂತ ಸುಮಾರು 16 ಸೆಂಟ್ ಮೇಲಿದೆ. ಅಲ್ಲಿಗೆ ಏರಿಸಿ ಎ ಮೇಜರ್ ಹಿಡಿದರೆ ಅದೇ 2ನೇ ತಂತಿಯಲ್ಲಿ ಬರುವ ಸಿ ಶಾರ್ಪ್ ಶುದ್ಧ ಸ್ಥಾನಕ್ಕಿಂತ 30 ಸೆಂಟ್ ಮೇಲೆ ನಿಂತು ಕಿವಿ ಚುಚ್ಚುತ್ತದೆ.

ಡಿ ಮೈನರ್: ತೋರುಬೆರಳು 1ನೇ ತಂತಿ 1ನೇ ಫ್ರೆಟ್, ನಡುಬೆರಳು 3ನೇ ತಂತಿ 2ನೇ ಫ್ರೆಟ್, ಉಂಗುರ ಬೆರಳು 2ನೇ ತಂತಿ 3ನೇ ಫ್ರೆಟ್, ಮೀಟುವುದು ಕೆಳಗಿನ ನಾಲ್ಕೇ ತಂತಿ. ಗಾಂಧಾರ 1ನೇ ತಂತಿಯ ಎಫ್. ಅದನ್ನು ಕೊಲ್ಲುವುದು ಮತ್ತೆ ಉಂಗುರ ಬೆರಳೇ.

ಕಾರ್ಡ್ ಬದಲಾವಣೆ ಮೆಟ್ರೊನೋಮ್ (ತಾಳ ಹಾಕುವ ಯಂತ್ರ) 60ರಲ್ಲಿ, ಅಂದರೆ ನಿಮಿಷಕ್ಕೆ 60 ಏಟು, ನಾಲ್ಕು ಏಟಿಗೊಂದು. ಎ ಮೈನರ್‌ನಿಂದ ಸಿ ಮೇಜರ್‌ಗೆ ಉಂಗುರ ಬೆರಳೊಂದೇ 5ನೇ ತಂತಿಯ 3ನೇ ಫ್ರೆಟ್‌ಗೆ ಹೋಗುತ್ತದೆ, ಉಳಿದೆರಡನ್ನು ಎತ್ತಲೇಬಾರದು. ಡಿ ಮೈನರ್‌ಗೆ ಮೂರೂ ಕದಲುತ್ತವೆ. ತೋರುಬೆರಳನ್ನು ಮೊದಲು ಇಳಿಸಿದರೆ ಉಳಿದವು ದಾರಿ ಹುಡುಕಿಕೊಳ್ಳುತ್ತವೆ.

ಈಗ ಬಾರ್. 5ನೇ ಫ್ರೆಟ್‌ನಲ್ಲಿ ತೋರುಬೆರಳು ಅಡ್ಡ, ಉಂಗುರ ಬೆರಳು 5ನೇ ತಂತಿ 7ನೇ ಫ್ರೆಟ್, ಕಿರುಬೆರಳು 4ನೇ ತಂತಿ 7ನೇ ಫ್ರೆಟ್: ಇದೂ ಎ ಮೈನರ್. ಇದೇ ಆಕಾರದ ಮೇಜರ್‌ಗಿಂತ ಒಂದು ಬೆರಳು ಕಡಿಮೆ, ಆದರೂ ಕಷ್ಟ ಹೆಚ್ಚು. ಮೇಜರ್‌ನಲ್ಲಿ 3ನೇ ತಂತಿಯನ್ನು ನಡುಬೆರಳು ನೋಡಿಕೊಳ್ಳುತ್ತದೆ. ಮೈನರ್‌ನಲ್ಲಿ ಆ ತಂತಿ ಬಾರ್‌ನ ಪಾಲಿಗೆ ಬೀಳುತ್ತದೆ, ಗಾಂಧಾರ ಇರುವುದೂ ಅಲ್ಲೇ, ತೋರುಬೆರಳಿನ ಗೆಣ್ಣಿನ ಮಡಿಕೆ ಬರುವುದೂ ಹೆಚ್ಚಾಗಿ ಅಲ್ಲೇ. ತಂತಿ ಆ ಗುಳಿಯೊಳಗೆ ಕೂತರೆ ಎಷ್ಟು ಹಿಂಡಿದರೂ ಸದ್ದಿಲ್ಲ. ಬೆರಳನ್ನು ಎರಡು ಮೂರು ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಸರಿಸಿ ಮಡಿಕೆಯನ್ನು ಎರಡು ತಂತಿಗಳ ನಡುವೆ ಬೀಳಿಸಬೇಕು, ಹೆಬ್ಬೆರಳ ಕಡೆಯ ಗಟ್ಟಿ ಅಂಚಿಗೆ ಸ್ವಲ್ಪ ಹೊರಳಿಸಬೇಕು. 5 ಮತ್ತು 4ನೇ ತಂತಿಗೆ ಬಾರ್‌ನ ಬಲ ಬೇಕಿಲ್ಲ, ಅಲ್ಲಿ ಬೆರಳು ಸುಮ್ಮನೆ ತಾಗಿದ್ದರೂ ನಡೆಯುತ್ತದೆ. ಬಿಡುವಾಗಿರುವ ನಡುಬೆರಳನ್ನು ತೋರುಬೆರಳ ಮೇಲೆ ಹೇರುವುದುಂಟು. ಆರಂಭಕ್ಕೆ ಸರಿ, ಮೇಜರ್‌ಗೆ ಓಡಾಡಲು ಶುರುಮಾಡಿದ ಮೇಲೆ ಅದು ಅಡ್ಡಿ.

5ರಲ್ಲಿ ಆರೂ ತಂತಿ ಮೊಳಗಿದ ಮೇಲೆ 3ನೇ ಫ್ರೆಟ್, ಅಂದರೆ ಜಿ ಮೈನರ್. ಆಮೇಲೆ 1ನೇ ಫ್ರೆಟ್, ಎಫ್ ಮೈನರ್. ನಟ್ ಪಕ್ಕದಲ್ಲೇ ಇರುವುದರಿಂದ ಅಲ್ಲಿ ತಂತಿ ಬಗ್ಗಲು ಹೆಚ್ಚು ಬಲ ಬೇಡುತ್ತದೆ, ಫ್ರೆಟ್‌ಗಳ ಅಂತರವೂ ದೊಡ್ಡದು. ಎಫ್ ಮೈನರ್‌ನ ಎ ಫ್ಲಾಟ್ ಟ್ಯೂನರ್‌ನಲ್ಲಿ ನಿಲ್ಲುವವರೆಗೆ ಬಿ ಮೈನರ್ ಮುಟ್ಟುವುದಿಲ್ಲ.